ರಣರಂಗದ ಕರುಣಕವಿ ವಿಲ್ಫ್ರೆಡ್ ಓವೆನ್

ಕವಿತ್ವವೂ ಕಲಿತನವೂ ಒಬ್ಬನಲ್ಲಿಯೇ ನೆಲೆಗೊಂಡಿರುವುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ನಮ್ಮ ಆದಿಕವಿ ಪಂಪನು ಅರಿಕೇಸರಿಯ ಆಸ್ಥಾನದಲ್ಲಿ ಕವಿಯಾಗಿದ್ದಂತೆಯೇ ರಣರಂಗದಲ್ಲಿ ಕಲಿಯೂ ಆಗಿದ್ದನು. ಕುರುಕ್ಷೇತ್ರದಲ್ಲಿ ಹೆಣಗಳ ರಾಶಿಯನ್ನು ದಾಟುತ್ತ ನಡೆಯುವ ದುರ್ಯೋಧನನನ್ನು ರನ್ನನು ಚಿತ್ರಿಸಿರುವ ಬಗೆಯನ್ನು ಬಲ್ಲವರಿಗೆ, ಯುದ್ಧಕಾವ್ಯವೆಂಬುದು ಕೇವಲ ಭೇರೀನಿನಾದವಲ್ಲವೆಂಬುದೂ ತಿಳಿದೇ ಇದೆ. ಆದರೂ ತರಗತಿಯಲ್ಲಿ ನಾವು ಉಪಾಧ್ಯಾಯರು ಯುದ್ಧವರ್ಣನೆಯ ಪದ್ಯಗಳನ್ನು ಪಾಠ ಹೇಳುವಾಗ ವೀರರಸದ ಆವೇಶದಲ್ಲಿ ಕೊಚ್ಚಿಹೋಗುವುದೇ ಹೆಚ್ಚು. ನಾನೂ ಅದಕ್ಕೆ ಹೊರತಾದವನಲ್ಲ. ಎಷ್ಟೋ ವರ್ಷ ಹಾಗೆಯೇ ಪಾಠ ಹೇಳಿದ ಮೇಲೆ, ಆಂಗ್ಲಭಾಷೆಯನ್ನು ಬೋಧಿಸುತ್ತಿದ್ದ ಸಹೋದ್ಯೋಗಿ ಮಿತ್ರರೊಬ್ಬರ ನೆರವಿನಿಂದ ನಾನು ಓದಿದ ಒಬ್ಬ ತರುಣ ಕವಿ ನನ್ನ ಪಾಠದ ದಾರಿಯನ್ನೇ ಬದಲಿಸಿದನು. ಆತನೇ ವಿಲ್ಫ್ರೆಡ್ ಓವೆನ್. ಬದುಕಿದ್ದು 25 ವರ್ಷ ಮಾತ್ರ. ಆತನ ಕೀರ್ತಿಗೆ ಕಾರಣವಾದ ಕವಿತೆಗಳೆಲ್ಲ ಕೊನೆಯ ಒಂದೂವರೆ ವರ್ಷದ ಫಲ. ಆ ಜೀವನವನ್ನು ಈ ಸಂಚಿಕೆಯ ಸಹೃದಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಓವೆನ್ನನು 1893ರ ಮಾರ್ಚ್ 18ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಆಸ್‌ವೆಸ್ಟ್ರಿ ಎಂಬ ಊರಿನ ಬಳಿ, ಪ್ಲಾಸ್ ವಿಲ್ಮಟ್ ಎಂಬ ಮನೆಯಲ್ಲಿ ಜನಿಸಿದನು. ಆ ಮನೆ ಆತನ ತಾಯಿಯ ತಂದೆಗೆ ಸೇರಿದ್ದು. ತಂದೆ ಟಾಮ್ ಓವೆನ್ ರೈಲ್ವೆ ಇಲಾಖೆಯ ನೌಕರ, ತಾಯಿ ಸೂಸನ್ ದೈವಭಕ್ತೆ. ನಾಲ್ವರು ಮಕ್ಕಳಲ್ಲಿ ವಿಲ್ಫ್ರೆಡ್ಡನೇ ಹಿರಿಯವನು. 1897ರಲ್ಲಿ ಮಾತಾಮಹನು ತೀರಿಕೊಳ್ಳಲು, ಅನುಕೂಲಸ್ಥರ ಮನೆಯೆಂದು ತೋರುತ್ತಿದ್ದ ಆ ಮನೆಯನ್ನು ಮಾರಬೇಕಾಗಿ ಬಂದಿತು. ಸಂಸಾರವು ಬರ್ಕನ್‌ಹೆಡ್ಡಿನ ಇಕ್ಕಟ್ಟಾದ ಬೀದಿಗಳಿಗೂ, 1907ರಲ್ಲಿ ಶ್ರೂಸ್‌ಬರಿಗೂ ಸ್ಥಳಾಂತರವಾಯಿತು. ಹೂದೋಟದ ಮನೆಯನ್ನು ಕಳೆದುಕೊಂಡ ತಾಯಿಯ ಆಸೆಯೆಲ್ಲವೂ ಹಿರಿಯ ಮಗನಲ್ಲಿ ನೆಲೆಸಿತು. ಮಗನೂ ಕೊನೆಯವರೆಗೆ ತಾಯಿಯಲ್ಲಿ ಏನನ್ನೂ ಮರೆಮಾಚಲಿಲ್ಲ. ಉಳಿದುಬಂದಿರುವ ಆತನ ಪತ್ರಗಳು 600ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ತಾಯಿಗೆ ಬರೆದವು.

ಬಾಲ್ಯದಿಂದಲೇ ಆತನಿಗೆ ಕವಿ ಕೀಟ್ಸನು ಆರಾಧ್ಯದೈವವಾಗಿದ್ದನು. ಕೀಟ್ಸನೂ 25ನೆಯ ವಯಸ್ಸಿನಲ್ಲಿಯೇ ತೀರಿಕೊಂಡವನು. ಗುರುಶಿಷ್ಯರ ಆಯುಸ್ಸು ಒಂದೇ ಆಗುವುದೆಂಬುದನ್ನು ಆಗ ಯಾರು ಬಲ್ಲರು? ಓವೆನ್ನನ ವಿದ್ಯಾಭ್ಯಾಸದ ಕಥೆ ನಮ್ಮ ಎಷ್ಟೋ ಬಡ ವಿದ್ಯಾರ್ಥಿಗಳ ಕಥೆಯೇ ಆಗಿದೆ. ಶ್ರೂಸ್‌ಬರಿಯ ಶಾಲೆಯೊಂದರಲ್ಲಿ ವಿದ್ಯಾರ್ಥಿ-ಉಪಾಧ್ಯಾಯನಾಗಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಲೇ 1911ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಆದರೆ ವಿದ್ಯಾರ್ಥಿವೇತನ ದೊರೆಯುವಷ್ಟು ಮೇಲಿನ ದರ್ಜೆ ಬರಲಿಲ್ಲ. ವೇತನವಿಲ್ಲದೆ ಓದಿಸುವ ಶಕ್ತಿ ಮನೆಯವರಿಗಿರಲಿಲ್ಲ. ವಿಶ್ವವಿದ್ಯಾನಿಲಯದ ಬಾಗಿಲು ಹೀಗೆ ಮುಚ್ಚಿತು. ದಾನಿಗಳು ನೀಡುವ ಒಂದು ವಿದ್ಯಾರ್ಥಿವೇತನದ ಬೆಲೆಯೇನೆಂಬುದನ್ನು ಬಲ್ಲವರಿಗೆ ಈ ಮಾತನ್ನು ಬೆಳೆಸಿ ಹೇಳಬೇಕಾಗಿಲ್ಲ.

ತಾಯಿಯ ಇಚ್ಛೆಯಂತೆ ಓವೆನ್ನನು ರೆಡಿಂಗ್ ಪಟ್ಟಣದ ಸಮೀಪದ ಡನ್ಸ್‌ಡನ್ ಗ್ರಾಮದಲ್ಲಿ ಪಾದ್ರಿಯೊಬ್ಬರ ಸಹಾಯಕನಾಗಿ ಸೇರಿದನು. ಊಟ, ವಸತಿ, ಓದಿಗೆ ಅವಕಾಶ. ಪ್ರತಿಯಾಗಿ ಗ್ರಾಮದ ಬಡವರ ಮನೆಗಳಿಗೆ ಹೋಗಿ ರೋಗಿಗಳನ್ನು ವಿಚಾರಿಸುವುದು, ಮಕ್ಕಳಿಗೆ ಪಾಠ ಹೇಳುವುದು. ಆ ಗುಡಿಸಲುಗಳಲ್ಲಿ ಆತನು ಕಂಡ ಕ್ಷಯರೋಗ, ಹಸಿವು, ಶಿಶುಮರಣಗಳು ಆತನನ್ನು ಕಲಕಿದವು. ಇಷ್ಟೊಂದು ದುಃಖದ ನಡುವೆ ಪ್ರವಚನ ಮಾತ್ರ ಸಾಕೇ ಎಂಬ ಸಂದೇಹ ಹುಟ್ಟಿತು. 1913ರ ಆರಂಭದಲ್ಲಿ ಕಾಯಿಲೆಬಿದ್ದು ಮನೆಗೆ ಮರಳುವಾಗ ಆತನ ಸಂಪ್ರದಾಯಶ್ರದ್ಧೆ ಕುಸಿದಿತ್ತು, ದೀನರ ಮೇಲಿನ ಮರುಕ ಮಾತ್ರ ಬೇರೂರಿತ್ತು. ಮುಂದೆ ಆತನ ಕಾವ್ಯದಲ್ಲಿ ಪ್ರವಹಿಸಿದ ಕರುಣೆಯ ಮೂಲವನ್ನು ಹುಡುಕುವವರು ಮೊದಲು ಡನ್ಸ್‌ಡನ್ನಿಗೆ ಹೋಗಬೇಕು, ಅನಂತರ ಫ್ರಾನ್ಸಿಗೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೀವನೋಪಾಯಕ್ಕಾಗಿ ಓವೆನ್ನನು ಸ್ವದೇಶವನ್ನು ಬಿಟ್ಟು ಫ್ರಾನ್ಸಿನ ಬೋರ್ಡೋ ನಗರವನ್ನು ಸೇರಿದನು. ಅಲ್ಲಿನ ಬರ್ಲಿಟ್ಸ್ ಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕನ ಕೆಲಸ. ದುಡಿಮೆ ಹೆಚ್ಚು, ಸಂಬಳ ಕಡಿಮೆ. ಆದರೂ ಪರದೇಶವಾಸವು ಆತನನ್ನು ಪಕ್ವಗೊಳಿಸಿತು. 1914ರ ಬೇಸಗೆಯಲ್ಲಿ ಪಿರನೀಸ್ ಪರ್ವತದ ತಪ್ಪಲಿನ ಬಾನ್ಯೇರ್ ಎಂಬ ಊರಿನಲ್ಲಿ ಒಂದು ಕುಟುಂಬಕ್ಕೆ ಮನೆಪಾಠದ ಉಪಾಧ್ಯಾಯನಾಗಿದ್ದಾಗ ಲೊರಾಂ ತಯಾದ್ ಎಂಬ ವೃದ್ಧ ಫ್ರೆಂಚ್ ಕವಿಯ ಸ್ನೇಹ ದೊರೆಯಿತು. ತರುಣನ ಕಾವ್ಯಾಸಕ್ತಿಯನ್ನು ಗುರುತಿಸಿ ಆದರಿಸಿದ ಮೊದಲ ಪ್ರಸಿದ್ಧ ಕವಿ ಅವನೇ.

ಆ ಆಗಸ್ಟಿನಲ್ಲಿಯೇ ಮೊದಲನೆಯ ಮಹಾಯುದ್ಧ ಸ್ಫೋಟಿಸಿತು. ಓವೆನ್ನನು ಕೂಡಲೇ ಸೇನೆಗೆ ಧಾವಿಸಲಿಲ್ಲವೆಂಬುದನ್ನು ಗಮನಿಸಬೇಕು. ಮತ್ತೆ ಬೋರ್ಡೋದಲ್ಲಿಯೇ ಪಾಠ ಹೇಳುತ್ತ ಒಂದು ವರ್ಷಕ್ಕೂ ಮಿಕ್ಕು ಕಾಲ ಕಳೆದನು. ಒಮ್ಮೆ ಪರಿಚಿತ ವೈದ್ಯರೊಬ್ಬರೊಡನೆ ಅಲ್ಲಿನ ಆಸ್ಪತ್ರೆಗೆ ಹೋಗಿ ಗಾಯಾಳುಗಳ ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ಕಂಡು, ಛಿದ್ರಗೊಂಡ ಅಂಗಾಂಗಗಳ ರೇಖಾಚಿತ್ರಗಳನ್ನು ತಮ್ಮನಿಗೆ ಬರೆದು ಕಳುಹಿಸಿದನು. ಕೊನೆಗೆ ಸ್ವದೇಶಕ್ಕೆ ಹಿಂದಿರುಗಿ 1915ರ ಅಕ್ಟೋಬರ್ 21ರಂದು ಆರ್ಟಿಸ್ಟ್ಸ್ ರೈಫಲ್ಸ್ ದಳದಲ್ಲಿ ಹೆಸರು ನಮೂದಿಸಿದನು. 1916ರ ಜೂನಿನಲ್ಲಿ ಮ್ಯಾಂಚೆಸ್ಟರ್ ರೆಜಿಮೆಂಟಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಪದವಿ ಪಡೆದು, ವರ್ಷದ ಕೊನೆಯಲ್ಲಿ ಫ್ರಾನ್ಸಿಗೆ ಮರಳಿದನು. ಮೊದಲ ಬಾರಿ ಕೈಯಲ್ಲಿ ಪಠ್ಯಪುಸ್ತಕವಿತ್ತು. ಈ ಬಾರಿ ಪಿಸ್ತೂಲಿತ್ತು.

1917ರ ಜನವರಿಯಲ್ಲಿ ಸೊಮ್ ಪ್ರದೇಶದ ರಣಭೂಮಿಯನ್ನು ಆತನು ಹೊಕ್ಕನು. ಅದಕ್ಕೆ ಆರು ತಿಂಗಳ ಹಿಂದೆ, 1916ರ ಜುಲೈ 1ರ ಒಂದೇ ದಿನ ಅಲ್ಲಿ 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಮಡಿದಿದ್ದರು. ಆ ಚಳಿಗಾಲ ಅತ್ಯಂತ ಕಠೋರವಾದುದು. ಮೊಣಕಾಲು ಹೂಳುವ ಕೆಸರು, ಮೇಲೆ ಹಿಮ, ಎದುರಿಗೆ ಫಿರಂಗಿ. ಎರಡೂ ಪಡೆಗಳ ನಡುವಣ ನಿರ್ಜನ ಭೂಮಿಯಲ್ಲಿ, ಶತ್ರುಗಳು ಬಿಟ್ಟುಹೋಗಿದ್ದ ಒಂದು ನೆಲಬಿಲವನ್ನು ತನ್ನ ತುಕಡಿಯೊಡನೆ ಕಾಯುವ ಹೊಣೆ ಆತನಿಗೆ ಬಿದ್ದಿತು. ನೀರು ತುಂಬುತ್ತಿದ್ದ ಆ ಬಿಲದಲ್ಲಿ 50 ಗಂಟೆಗಳ ಕಾಲ ಗುಂಡಿನ ಮಳೆಯನ್ನು ಸಹಿಸಿದರು. ಕಾವಲಿಗೆ ನಿಂತಿದ್ದ ಒಬ್ಬ ಸೈನಿಕನು ಸ್ಫೋಟದಿಂದ ಕಣ್ಣು ಕಳೆದುಕೊಂಡು ಕೆಳಗೆ ಉರುಳಿದನು. ಆ ಕಣ್ಣುಗಳು ಓವೆನ್ನನ ಕನಸಿನಲ್ಲಿ ಬಹುಕಾಲ ಕಾಡಿದವು. ಒಂದೂವರೆ ವರ್ಷದ ಮೇಲೆ, ‘ಕಾವಲುಗಾರ’ ಎಂಬ ಅರ್ಥದ ಶೀರ್ಷಿಕೆಯ ಕವಿತೆಯಲ್ಲಿ ಅವು ಮತ್ತೆ ತೆರೆದುಕೊಂಡವು.

ಮಾರ್ಚಿನಲ್ಲಿ ಕತ್ತಲಲ್ಲಿ ಒಂದು ಪಾಳುನೆಲಮಾಳಿಗೆಗೆ ಬಿದ್ದು ತಲೆಗೆ ಪೆಟ್ಟಾಯಿತು. ಏಪ್ರಿಲಿನಲ್ಲಿ ಸಾವಿ ಎಂಬ ಕಾಡಿನ ಬಳಿ ಸಿಡಿಗುಂಡೊಂದು ಆತನನ್ನು ಎತ್ತಿ ಎಸೆಯಿತು. ಅನಂತರ ರೈಲುದಾರಿಯ ದಿಬ್ಬದ ಮರೆಯಲ್ಲಿ, ಸಹ ಅಧಿಕಾರಿಯೊಬ್ಬನ ಛಿದ್ರವಾದ ಕಳೇಬರದ ಸಮೀಪದಲ್ಲಿ ಕೆಲವು ದಿನ ಮಲಗಿರಬೇಕಾಯಿತು. ದೇಹಕ್ಕೆ ದೊಡ್ಡ ಗಾಯವಿಲ್ಲ, ಮನಸ್ಸು ಮಾತ್ರ ಒಡೆದಿತ್ತು. ಕೈಕಾಲು ನಡುಕ, ಮಾತಿನಲ್ಲಿ ತೊದಲು, ರಾತ್ರಿಯೆಲ್ಲ ದುಃಸ್ವಪ್ನ. ಇಂತಹ ವ್ಯಾಧಿಯನ್ನು ಆ ಕಾಲದವರು ಷೆಲ್ ಷಾಕ್ ಎಂದು ಕರೆದರು. ಅನೇಕರು ಹೇಡಿತನವೆಂದೂ ಭಾವಿಸಿದರು. ಜೂನ್ ಕೊನೆಯಲ್ಲಿ ಆತನನ್ನು ಎಡಿನ್‌ಬರೋ ನಗರದ ಕ್ರೇಗ್‌ಲಾಕರ್ಟ್ ಯುದ್ಧಾಸ್ಪತ್ರೆಗೆ ಸೇರಿಸಲಾಯಿತು.

ಈ ಆಸ್ಪತ್ರೆಯೇ ಆತನ ಕವಿಜನ್ಮದ ಸ್ಥಾನವಾಯಿತೆಂದರೆ ಅತಿಶಯೋಕ್ತಿಯಲ್ಲ. ಡಾ. ಆರ್ಥರ್ ಬ್ರಾಕ್ ಎಂಬ ವೈದ್ಯರು ಆತನ ಚಿಕಿತ್ಸಕರು. ಕಾಯಕದಿಂದಲೇ ಮನಸ್ಸು ಮತ್ತೆ ಲೋಕಕ್ಕೆ ಹೊಂದಿಕೊಳ್ಳುವುದೆಂಬುದು ಅವರ ಸಿದ್ಧಾಂತ. ಅವರ ಸೂಚನೆಯಂತೆ ಓವೆನ್ನನು ಆಸ್ಪತ್ರೆಯ ‘ಹೈಡ್ರಾ’ ಪತ್ರಿಕೆಯನ್ನು ಸಂಪಾದಿಸಿದನು. ಸಮೀಪದ ಟೈನ್‌ಕಾಸಲ್ ಶಾಲೆಗೆ ಹೋಗಿ ಹುಡುಗರಿಗೆ ಸಾಹಿತ್ಯಪಾಠವನ್ನೂ ಹೇಳಿದನು. ಚೂರುಚೂರಾದ ಒಬ್ಬ ಸೈನಿಕನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದ ಸಾಧನಗಳಲ್ಲಿ ಶಾಲೆಯ ತರಗತಿಯೂ ಒಂದಾಗಿತ್ತೆಂಬುದು ಉಪಾಧ್ಯಾಯವೃತ್ತಿಯವರಾದ ನಮಗೆ ಹೆಮ್ಮೆಯ ಸಂಗತಿ.

ಆ ಆಗಸ್ಟಿನಲ್ಲಿ ಸೀಗ್‌ಫ್ರಿಡ್ ಸಸೂನ್ ಎಂಬ ಕವಿಯ ಭೇಟಿಯಾಯಿತು. ಓವೆನ್ನನಿಗಿಂತ ಏಳು ವರ್ಷ ಹಿರಿಯನಾದ ಸಸೂನನು ಶೌರ್ಯಪದಕ ಪಡೆದ ಯೋಧ; ಯುದ್ಧವನ್ನು ವೃಥಾ ಮುಂದುವರಿಸಲಾಗುತ್ತಿದೆಯೆಂದು ಬಹಿರಂಗವಾಗಿ ಪ್ರತಿಭಟಿಸಿದ್ದರಿಂದ ಅಧಿಕಾರಿಗಳು ಅವನನ್ನು ರೋಗಿಯೆಂದು ಈ ಆಸ್ಪತ್ರೆಗೆ ಕಳುಹಿಸಿದ್ದರು. ಓವೆನ್ನನು ಸಂಕೋಚದಿಂದ ಅವನ ಕವನಸಂಗ್ರಹದ ಪ್ರತಿಗಳನ್ನು ಹಿಡಿದುಕೊಂಡು ಸಹಿಗಾಗಿ ಅವನ ಕೋಣೆಗೆ ಹೋದನು. ಅಂದಿನಿಂದ ಆರಂಭವಾದುದು ನಿಜವಾದ ಗುರುಶಿಷ್ಯ ಸಂಬಂಧ. ಕೀಟ್ಸನ ಅನುಕರಣದಲ್ಲಿ ಅಲಂಕಾರದ ಭಾರದಿಂದ ಬಳಲುತ್ತಿದ್ದ ಓವೆನ್ನನ ಕವಿತೆಗೆ, ಕಂಡುದನ್ನು ಕಂಡಂತೆ ಹೇಳುವ ಧೈರ್ಯವನ್ನು ಸಸೂನನು ತುಂಬಿದನು. ಮಡಿದ ತರುಣರಿಗೆ ಘಂಟಾನಾದವೂ ಮಂತ್ರವೂ ಇಲ್ಲದೆ ಫಿರಂಗಿಗಳೇ ಉತ್ತರಕ್ರಿಯೆ ನಡೆಸುವ ಚಿತ್ರವುಳ್ಳ ಪ್ರಸಿದ್ಧ ಸಾನೆಟ್ಟಿನ ಹಸ್ತಪ್ರತಿಯಲ್ಲಿ ಸಸೂನನ ತಿದ್ದುಪಡಿಗಳನ್ನು ಕಾಣಬಹುದು.

ಅದೇ ಶರತ್ಕಾಲದಲ್ಲಿ ಆತನ ಅತಿ ಪ್ರಸಿದ್ಧವಾದ ಇನ್ನೊಂದು ಕವಿತೆಯ ಕರಡು ಸಿದ್ಧವಾಯಿತು. ಸ್ವದೇಶಕ್ಕಾಗಿ ಸಾಯುವುದು ಮಧುರವೂ ಉಚಿತವೂ ಆದುದೆಂದು ರೋಮಿನ ಕವಿ ಹೊರೇಸನು ಹಾಡಿದ್ದನು. ಇಂಗ್ಲೆಂಡಿನ ಶಾಲೆಗಳಲ್ಲಿ ಆ ಲ್ಯಾಟಿನ್ ಪಂಕ್ತಿಯನ್ನು ಮಕ್ಕಳಿಗೆ ಉರು ಹೊಡೆಸುತ್ತಿದ್ದರು. ಓವೆನ್ನನು ಆ ಪಂಕ್ತಿಯ ಮೊದಲ ಪದಗಳನ್ನೇ ಶೀರ್ಷಿಕೆಯಾಗಿಟ್ಟು, ವಿಷಾನಿಲದಲ್ಲಿ ಸಿಕ್ಕ ಒಬ್ಬ ಸೈನಿಕನ ಸಾವನ್ನು ವರ್ಣಿಸಿದನು. ದಣಿದು ನಡೆಯುವ ದಂಡು, ಹಠಾತ್ತಾಗಿ ಬಂದ ವಿಷದ ಹೊಗೆ, ಮುಖವಾಡ ತೊಡಲಾರದೆ ಹಿಂದುಳಿದ ಒಬ್ಬನು ನೀರಿನಲ್ಲಿ ಮುಳುಗುವವನಂತೆ ಒದ್ದಾಡುವುದು, ಅವನನ್ನು ಬಂಡಿಗೆ ಎಸೆದು ಹಿಂದೆ ನಡೆಯುವುದು. ಇದನ್ನು ಕಂಡವರಾದರೆ ಆ ಹಳೆಯ ಮಿಥ್ಯೆಯನ್ನು ಕೀರ್ತಿಕಾತರರಾದ ಮಕ್ಕಳಿಗೆ ನೀವು ಬೋಧಿಸಲಾರಿರಿ ಎಂಬುದು ಕವಿತೆಯ ತಾತ್ಪರ್ಯ. ಆರೋಪವಿರುವುದು ಶತ್ರುವಿನ ಮೇಲಲ್ಲ. ಪಾಠ ಹೇಳುವವರ ಮೇಲೆ, ಪದ್ಯ ಬರೆಯುವವರ ಮೇಲೆ. ಇದನ್ನು ಮೊದಲ ಸಲ ಓದಿದ ದಿನ ನನ್ನ ಕೈಯಲ್ಲಿದ್ದ ಪಠ್ಯಪುಸ್ತಕ ಭಾರವಾದಂತೆ ತೋರಿತೆಂದು ನಿಸ್ಸಂಕೋಚವಾಗಿ ಒಪ್ಪಿಕೊಳ್ಳುತ್ತೇನೆ.

ಓವೆನ್ನನ ಛಂದಸ್ಸಿನ ವಿಷಯವಾಗಿ ಒಂದು ಮಾತು. ಆಂಗ್ಲಕಾವ್ಯದ ಅಂತ್ಯಪ್ರಾಸದಲ್ಲಿ ಸ್ವರವೂ ಅದರ ಮುಂದಣ ವ್ಯಂಜನವೂ ಹೊಂದಬೇಕು. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಕಾಡು’ ಎಂಬುದಕ್ಕೆ ‘ನಾಡು’ ಎಂದು ಬಂದರೆ ಅವರ ಕಿವಿಗೆ ತೃಪ್ತಿ. ಓವೆನ್ನನಾದರೋ ‘ಕಾಡು’ ಎಂಬುದಕ್ಕೆ ‘ಕೇಡು’ ಎಂಬಂತೆ, ವ್ಯಂಜನಗಳನ್ನು ಉಳಿಸಿ ಸ್ವರವನ್ನು ಮಾತ್ರ ಬದಲಿಸಿದನು. ನಾಗವರ್ಮನ ಛಂದೋಂಬುಧಿಯನ್ನು ಓದಿದ ನಮಗೆ ಇದರಲ್ಲಿ ಅಪರಿಚಿತವಾದುದೇನೂ ಇಲ್ಲ. ನಮ್ಮ ದ್ವಿತೀಯಾಕ್ಷರ ಪ್ರಾಸದಲ್ಲಿ ವ್ಯಂಜನವು ಹೊಂದಿದರೆ ಸಾಕು, ಸ್ವರ ಬೇರೆಯಾಗಬಹುದು. ಆದರೆ ಪೂರ್ಣಪ್ರಾಸಕ್ಕೆ ಒಗ್ಗಿದ ಆಂಗ್ಲಕಿವಿಗೆ ಅದು ಕೂಡಿಬಾರದ ಶ್ರುತಿಯಂತೆ ಕೇಳಿಸಿತು. ಒಡೆದುಹೋದ ಲೋಕವನ್ನು ಹಾಡಲು ಒಡೆದ ಪ್ರಾಸವೇ ತಕ್ಕದ್ದೆಂದು ಕವಿ ಬಗೆದಿರಬೇಕು. 1911ರ ಸುಮಾರಿಗೆ ನಮ್ಮ ಮಂಜೇಶ್ವರ ಗೋವಿಂದ ಪೈಗಳು ಪ್ರಾಸವನ್ನೇ ತ್ಯಜಿಸಿ ಪಂಡಿತವರ್ಗದಲ್ಲಿ ಕೋಲಾಹಲವೆಬ್ಬಿಸಿದ್ದನ್ನು ಇಲ್ಲಿ ಸ್ಮರಿಸಬಹುದು. ಎರಡು ದೂರದೇಶಗಳಲ್ಲಿ, ಪರಸ್ಪರ ಅರಿಯದ ಇಬ್ಬರು ಕವಿಗಳು ಹಳೆಯ ಕಟ್ಟನ್ನು ಸಡಿಲಿಸುತ್ತಿದ್ದ ಕಾಲವದು.

1917ರ ಕೊನೆಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾಗಿ ಓವೆನ್ನನು ಸ್ಕಾರ್‌ಬರೋದಲ್ಲಿಯೂ, 1918ರ ವಸಂತದಲ್ಲಿ ರಿಪನ್ನಿನಲ್ಲಿಯೂ ಲಘುಸೇವೆಯಲ್ಲಿದ್ದನು. ರಿಪನ್ನಿನ ಶಿಬಿರದಿಂದ ದೂರವಾಗಿ ಒಂದು ಪುಟ್ಟ ಕೋಣೆಯನ್ನು ಬಾಡಿಗೆಗೆ ಹಿಡಿದು, ಬಿಡುವಿನ ವೇಳೆಯಲ್ಲಿ ಬರೆದನು, ತಿದ್ದಿದನು. ಆ ಜನವರಿಯಲ್ಲಿ ಹಾಮರ್‌ಎಂಡಿನ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 150ಕ್ಕೂ ಹೆಚ್ಚು ಗಂಡಸರೂ ಹುಡುಗರೂ ಸತ್ತ ವಾರ್ತೆಯನ್ನು ಓದಿ, ಗಣಿಯ ಕತ್ತಲನ್ನೂ ಕಂದಕದ ಕತ್ತಲನ್ನೂ ಹೆಣೆದು ರಚಿಸಿದ ಕವಿತೆ ‘ನೇಷನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆತನು ಬದುಕಿದ್ದಾಗ ಬೆಳಕು ಕಂಡ ಕವಿತೆಗಳು ಐದೇ ಐದು.

ಈ ಅವಧಿಯ ‘ವಿಚಿತ್ರ ಸಮಾಗಮ’ವೆಂಬ ಅರ್ಥದ ಕವಿತೆ ವಿಶೇಷ ಮನನಯೋಗ್ಯವಾದುದು. ಸತ್ತ ಸೈನಿಕನೊಬ್ಬನು ಪಾತಾಳದಂತಹ ಸುರಂಗದಲ್ಲಿ ಇನ್ನೊಬ್ಬನನ್ನು ಸಂಧಿಸುತ್ತಾನೆ. ಅವನೂ ಸೌಂದರ್ಯವನ್ನು ಅರಸಿದವನು, ಲೋಕಕ್ಕೆ ಹೇಳಬೇಕಾದ ಸತ್ಯವನ್ನು ಎದೆಯಲ್ಲಿಟ್ಟುಕೊಂಡೇ ಸತ್ತವನು. ಕೊನೆಯಲ್ಲಿ ತಿಳಿಯುವುದೇನೆಂದರೆ, ಅವನನ್ನು ಹಿಂದಿನ ದಿನ ಇರಿದು ಕೊಂದವನು ಈತನೇ. ಕೊಂದವನೂ ಕೊಲ್ಲಲ್ಪಟ್ಟವನೂ ಜೊತೆಯಾಗಿ ನಿದ್ರಿಸುತ್ತಾರೆ. ಕ್ರೌಂಚಪಕ್ಷಿಯ ವಧೆಯನ್ನು ಕಂಡ ವಾಲ್ಮೀಕಿಯ ಶೋಕ ಶ್ಲೋಕವಾಯಿತೆಂದು ನಮ್ಮ ಆಲಂಕಾರಿಕರು ಹೇಳುವರು. ಅಲ್ಲಿ ಬೇಡನು ಬೇರೆ, ಋಷಿ ಬೇರೆ. ಓವೆನ್ನನಲ್ಲಿ ಬಾಣ ಬಿಟ್ಟವನೇ ಶೋಕಿಸುವವನೂ ಆಗಿದ್ದಾನೆ. ಉತ್ಸಾಹವು ಸ್ಥಾಯಿಯಾಗಬೇಕಾದ ರಣರಂಗದಲ್ಲಿ ಶೋಕವೇ ಸ್ಥಾಯಿಯಾಗಿ ನಿಂತು, ವೀರವು ಕರುಣಕ್ಕೆ ತಲೆಬಾಗಿದೆ. ಪ್ರಕಟಿಸಬೇಕೆಂದಿದ್ದ ಪುಸ್ತಕಕ್ಕಾಗಿ ಗೀಚಿಟ್ಟ ಮುನ್ನುಡಿಯಲ್ಲಿಯೂ, ತನ್ನ ವಸ್ತು ಯುದ್ಧ ಮತ್ತು ಯುದ್ಧದ ಕರುಣೆ ಎಂಬ ಅಭಿಪ್ರಾಯವನ್ನೇ ಆತನು ಸೂಚಿಸಿದ್ದಾನೆ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ಯುದ್ಧವನ್ನು ಇಷ್ಟು ತೀವ್ರವಾಗಿ ನಿರಾಕರಿಸಿದವನು ಮತ್ತೆ ಯುದ್ಧಕ್ಕೆ ಹೋದುದೇಕೆ? ಸ್ವದೇಶದಲ್ಲಿಯೇ ಒಂದು ಹುದ್ದೆ ಕೊಡಿಸಲು ಮಿತ್ರರು ಪ್ರಯತ್ನಿಸಿದರು; ಅದು ಫಲಿಸಲಿಲ್ಲ. ಆದರೆ ಆತನ ಮನಸ್ಸೂ ಹಿಂದೆ ಉಳಿಯಲು ಒಪ್ಪಿರಲಿಲ್ಲ. 1918ರ ಜುಲೈಯಲ್ಲಿ ಸಸೂನನು ತಲೆಗೆ ಗಾಯವಾಗಿ ಮನೆಗೆ ಮರಳಿದಾಗ, ಮೂಕರಾದ ಸೈನಿಕರ ಪರವಾಗಿ ಮಾತನಾಡುವವನೊಬ್ಬನು ಅವರ ನಡುವೆ ಇರಲೇಬೇಕೆಂದು ಓವೆನ್ನನಿಗೆ ತೋರಿತು. ಸುರಕ್ಷಿತವಾದ ಕೋಣೆಯಲ್ಲಿ ಕುಳಿತು ಅವರ ಸಂಕಟವನ್ನು ಹಾಡುವುದು ಆತನಿಗೆ ಸಮ್ಮತವಾಗಲಿಲ್ಲ. ಹೇಡಿಯೆಂಬ ಅಪವಾದವನ್ನು ತೊಡೆಯುವ ಹಂಬಲವೂ ಇದ್ದಿರಬಹುದು. ಮನುಷ್ಯನ ಹೃದಯದಲ್ಲಿ ಕಾರಣಗಳು ಒಂಟಿಯಾಗಿ ಇರುವುದಿಲ್ಲ.

ಆಗಸ್ಟ್ ಕೊನೆಯ ದಿನಗಳಲ್ಲಿ ತಾಯಿ ಮಕ್ಕಳು ಸಮುದ್ರದ ದಂಡೆಯಲ್ಲಿ ನಿಂತು, ಬಿಸಿಲಿನಲ್ಲಿ ಬೆಳಗುತ್ತಿದ್ದ ಅಲೆಗಳಾಚೆಯ ಫ್ರಾನ್ಸಿನ ಕಡೆಗೆ ನೋಡುತ್ತಿದ್ದರು. ಆಗ ಮಗನ ಬಾಯಿಂದ ಬಂದ ಮಾತುಗಳು ಆಂಗ್ಲಕವಿಯವಲ್ಲ, ನಮ್ಮ ರವೀಂದ್ರನಾಥ ಠಾಕೂರರವು. ಈ ಲೋಕವನ್ನು ಬಿಟ್ಟು ಹೊರಡುವಾಗ ತಾನು ಕಂಡುದು ಅನುಪಮವಾದುದೆಂಬುದೇ ತನ್ನ ವಿದಾಯದ ನುಡಿಯಾಗಲೆಂದು ಹಾರೈಸುವ ಗೀತಾಂಜಲಿಯ ಗೀತದವು. ಮುಂದೆ ಯುದ್ಧಭೂಮಿಯಿಂದ ಹಿಂದಿರುಗಿ ಬಂದ ಆತನ ಕಿಸೆಪುಸ್ತಕದಲ್ಲಿ ಅದೇ ಮಾತುಗಳು ಆತನ ಕೈಬರಹದಲ್ಲಿಯೇ ಇದ್ದವು. ಕೆಳಗೆ ಠಾಕೂರರ ಹೆಸರಿತ್ತು. 1920ರ ಆಗಸ್ಟಿನಲ್ಲಿ ಆ ತಾಯಿ ಠಾಕೂರರಿಗೆ ಪತ್ರ ಬರೆದು, ಪೂರ್ಣಗೀತವು ಯಾವ ಪುಸ್ತಕದಲ್ಲಿ ದೊರೆಯುವುದೆಂದು ವಿನಯದಿಂದ ಕೇಳಿದಳು. ಪರಾಧೀನವಾಗಿದ್ದ ನಾಡಿನ ಕವಿಯೊಬ್ಬನ ನುಡಿ, ಆಳುವ ನಾಡಿನ ಯೋಧನೊಬ್ಬನ ಎದೆಯ ಬಳಿ ಕಡೆಯ ತನಕ ಇದ್ದಿತು. ಕಾವ್ಯಕ್ಕೆ ಗಡಿಯಿಲ್ಲವೆಂದು ಭಾಷಣಗಳಲ್ಲಿ ಹೇಳುತ್ತೇವಲ್ಲ, ಅದರ ಸಾಕ್ಷಿ ಇದು.

ಅದೇ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರದಾಚೆ ಸೇವೆ ಸಲ್ಲಿಸಿದರು. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರಿನ ಅಶ್ವದಳವು ಹೈಫಾ ನಗರದ ಕಾಳಗದಲ್ಲಿ ಪಾಲ್ಗೊಂಡಿತು. ಆ ಯೋಧರ ಸ್ಮಾರಕ ಬೆಂಗಳೂರಿನಲ್ಲಿದೆ.

ಅಕ್ಟೋಬರ್ ಮೊದಲ ದಿನಗಳಲ್ಲಿ ಜೋಂಕೂರ್ ಎಂಬ ಗ್ರಾಮದ ಬಳಿ ನಡೆದ ಹೋರಾಟದಲ್ಲಿ ಓವೆನ್ನನು ದಳದ ನಾಯಕತ್ವವನ್ನು ವಹಿಸಿ, ಶತ್ರುಗಳ ಮಷೀನ್‌ಗನ್ನನ್ನೇ ವಶಪಡಿಸಿಕೊಂಡು ಪ್ರತಿದಾಳಿಯನ್ನು ಎದುರಿಸಿದನು. ಇದಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಲಭಿಸಿತು. ಕರುಣೆಯ ಕವಿ ಕೊಲ್ಲುವ ಕೆಲಸವನ್ನೂ ಮಾಡಿದನು. ಇದನ್ನು ಮುಚ್ಚಿಡುವುದು ಆತನಿಗೆ ಸಲ್ಲಿಸುವ ಗೌರವವಲ್ಲ. ಆ ವಿಷಾದವನ್ನು ಅರಿತೇ ಆತನನ್ನು ಓದಬೇಕು.

ಅಕ್ಟೋಬರ್ 31ರಂದು ಓರ್ಸ್ ಗ್ರಾಮದ ಸಮೀಪ, ಅರಣ್ಯಪಾಲಕನ ಮನೆಯ ಹೊಗೆ ತುಂಬಿದ ನೆಲಮಾಳಿಗೆಯಲ್ಲಿ ಸಂಗಡಿಗರ ನಗೆಮಾತುಗಳ ನಡುವೆ ಕುಳಿತು ತಾಯಿಗೆ ಕೊನೆಯ ಪತ್ರವನ್ನು ಬರೆದನು. ನವೆಂಬರ್ 4ರ ಮುಂಜಾವಿನಲ್ಲಿ ಸಾಂಬ್ರ್-ವಾಜ್ ಕಾಲುವೆಯನ್ನು ದಾಟಬೇಕೆಂಬ ಆಜ್ಞೆಯಾಯಿತು. ಎದುರು ದಂಡೆಯಿಂದ ಗುಂಡಿನ ಸುರಿಮಳೆ. ಸೇತುವೆ ಕಟ್ಟುತ್ತಿದ್ದವರನ್ನು ಹುರಿದುಂಬಿಸುತ್ತಿದ್ದ ಓವೆನ್ನನು ಅಲ್ಲಿಯೇ ಗುಂಡಿಗೆ ಬಲಿಯಾದನು. ಸರಿಯಾಗಿ ಏಳು ದಿನಗಳ ಮೇಲೆ, ನವೆಂಬರ್ 11ರಂದು, ಯುದ್ಧವಿರಾಮವಾಯಿತು. ಶ್ರೂಸ್‌ಬರಿಯ ಚರ್ಚುಗಳಲ್ಲಿ ಶಾಂತಿಯ ಗಂಟೆಗಳು ಮೊಳಗುತ್ತಿದ್ದಾಗಲೇ ಮಗನ ಮರಣದ ತಂತಿ ಮನೆಯ ಬಾಗಿಲಿಗೆ ಬಂದಿತು. ಊರಿಗೆಲ್ಲ ಹಬ್ಬವಾದ ದಿನ ಆ ಮನೆಗೆ ಸೂತಕವಾಯಿತು.

ಕೀರ್ತಿ ಬಂದುದು ಅನಂತರ. 1920ರಲ್ಲಿ ಸಸೂನನ ಪೀಠಿಕೆಯೊಡನೆ ಕವಿತೆಗಳು ಪುಸ್ತಕರೂಪದಲ್ಲಿ ಪ್ರಕಟವಾದವು. 1931ರಲ್ಲಿ ಸ್ವತಃ ಯೋಧಕವಿಯಾಗಿದ್ದ ಎಡ್ಮಂಡ್ ಬ್ಲಂಡನ್ನನು ಜೀವನವೃತ್ತಾಂತದೊಡನೆ ಹೆಚ್ಚಿನ ಸಂಗ್ರಹವನ್ನು ಹೊರತಂದನು. ಮಹಾಕವಿ ಯೇಟ್ಸನು ಮಾತ್ರ 1936ರ ತನ್ನ ಆಧುನಿಕ ಕಾವ್ಯಸಂಕಲನದಿಂದ ಓವೆನ್ನನನ್ನು ಕೈಬಿಟ್ಟನು. ಕೇವಲ ಯಾತನೆ ಕಾವ್ಯವಸ್ತುವಾಗಲಾರದೆಂಬುದು ಅವನ ನಿಲುವು. ಕಾಲವು ಬೇರೆ ತೀರ್ಪನ್ನು ನೀಡಿತು. ಎರಡನೆಯ ಮಹಾಯುದ್ಧದ ಬಾಂಬಿಗೆ ಧ್ವಂಸವಾಗಿದ್ದ ಕವೆಂಟ್ರಿಯ ಮಹಾಚರ್ಚಿನ ಪಕ್ಕದಲ್ಲಿ ಹೊಸದು ನಿರ್ಮಾಣವಾದಾಗ, 1962ರ ಮೇ 30ರಂದು ಬೆಂಜಮಿನ್ ಬ್ರಿಟನ್ನನು ಓವೆನ್ನನ ಒಂಬತ್ತು ಕವಿತೆಗಳನ್ನು ಪ್ರಾರ್ಥನಾಮಂತ್ರಗಳೊಡನೆ ಹೆಣೆದ ಸಂಗೀತಕೃತಿ ಅಲ್ಲಿ ಮೊಳಗಿತು. ಕೊಂದವನೂ ಸತ್ತವನೂ ಸಂಧಿಸುವ ಭಾಗವನ್ನು ಒಬ್ಬ ಆಂಗ್ಲಗಾಯಕನೂ ಒಬ್ಬ ಜರ್ಮನ್ ಗಾಯಕನೂ ಜೊತೆಯಾಗಿ ಹಾಡಿದರು. 1985ರ ನವೆಂಬರ್ 11ರಂದು ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಮಹಾಯುದ್ಧದ 16 ಕವಿಗಳ ಸ್ಮಾರಕಶಿಲೆಯನ್ನು ಸ್ಥಾಪಿಸಿದಾಗ, ಅದರ ಮೇಲೆ ಕೆತ್ತಲು ಆರಿಸಿದ್ದು ಓವೆನ್ನನ ಮುನ್ನುಡಿಯ ಮಾತುಗಳನ್ನೇ. ಕೊನೆಯ ಪತ್ರ ಬರೆದ ಆ ಅರಣ್ಯಗೃಹವೂ 2011ರಿಂದ ಸ್ಮಾರಕವಾಗಿದೆ.

ಓರ್ಸ್ ಗ್ರಾಮದ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಅದರ ಶಿಲೆಗೆ ತಾಯಿ ಆರಿಸಿದ್ದು ಮಗನ ಕವಿತೆಯೊಂದರ ಪಂಕ್ತಿಗಳನ್ನು. ಸತ್ತ ದೇಹಗಳಿಗೆ ಮರಳಿ ಜೀವ ಬರುವುದೇ, ಮೃತ್ಯು ನಿಜವಾಗಿ ಅಳಿಯುವುದೇ ಎಂದು ಮಗನು ಸಂದೇಹದಿಂದ ಪ್ರಶ್ನಿಸಿದ್ದನು. ಕಲ್ಲಿನ ಮೇಲೆ ಕೊನೆಯ ಪ್ರಶ್ನಾರ್ಥಕ ಚಿಹ್ನೆಯಿಲ್ಲ. ಪ್ರಶ್ನೆಯು ಉತ್ತರವಾಗಿ, ಸಂದೇಹವು ಶ್ರದ್ಧೆಯಾಗಿ ನಿಂತಿದೆ. ಪಾಠಶುದ್ಧಿಯ ದೃಷ್ಟಿಯಿಂದ ಪಂಡಿತನು ಇದನ್ನು ದೋಷವೆಂದು ಗುರುತು ಹಾಕಬಹುದು. ಆದರೆ ಆ ಚಿಹ್ನೆ ಇಲ್ಲದಿರುವೆಡೆಯಲ್ಲಿ ಒಬ್ಬ ತಾಯಿಯ ಬದುಕಿನ ಆಧಾರವಿದೆಯೆಂದು ಬಲ್ಲವನು ಲೆಕ್ಕಣಿಕೆಯನ್ನು ಕೆಳಗಿಡುತ್ತಾನೆ.

ನಮ್ಮ ಶಾಲೆಗಳಿಂದ ಹೊರಟ ಎಷ್ಟೋ ಮಂದಿ ನಾಡಿನ ಗಡಿಯನ್ನು ಕಾಯುತ್ತಿದ್ದಾರೆ. ಅವರ ತ್ಯಾಗದ ಮುಂದೆ ತಲೆಬಾಗುವುದು ನಮ್ಮ ಕರ್ತವ್ಯ. ಓವೆನ್ನನನ್ನು ಓದುವುದು ಆ ಕರ್ತವ್ಯಕ್ಕೆ ವಿರೋಧವಲ್ಲ. ಯೋಧನನ್ನು ನಿಜವಾಗಿ ಗೌರವಿಸುವವನು ಅವನ ನೋವನ್ನು ಮರೆಮಾಚಲಾರನು. ಪಂಪನನ್ನೂ ರನ್ನನನ್ನೂ ಕುಮಾರವ್ಯಾಸನನ್ನೂ ನಾನು ಇಂದಿಗೂ ಅದೇ ಪ್ರೀತಿಯಿಂದ ಪಾಠ ಹೇಳುತ್ತೇನೆ. ಆದರೆ ಯುದ್ಧದ ಪದ್ಯ ಮುಗಿದ ಮೇಲೆ ಕ್ಷಣಕಾಲ ನಿಲ್ಲಿಸಿ, ಮಡಿದವರ ಮನೆಯ ಬಾಗಿಲಿಗೆ ಅಂದು ಯಾವ ಸುದ್ದಿ ಹೋಯಿತೆಂದು ಯೋಚಿಸುವಂತೆ ಮಕ್ಕಳಿಗೆ ಹೇಳುತ್ತೇನೆ. ತರಗತಿ ಮೌನವಾಗುತ್ತದೆ. ಆ ಮೌನವೇ ಆ ತರುಣ ಕವಿಗೆ ನಾನು ಸಲ್ಲಿಸಬಲ್ಲ ಗುರುದಕ್ಷಿಣೆ.